ಶರಪಂಜರದ ಬಾಣಗಳು ಯಾರವು?



ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನು ಓದದವರೂ ಅದೇ ಹೆಸರಿನ ಚಲನಚಿತ್ರವನ್ನು ನೋಡಿರುತ್ತಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ಅದನ್ನು ತೆರೆಗೆ ತಂದಾಗ ಕಾವೇರಿಯ ಪಾತ್ರದಲ್ಲಿ ಕಲ್ಪನಾ ನಟಿಸಿದರು. ಅಂದು ಕಣ್ಣೀರಿಟ್ಟವರು ಇಂದು ಅಜ್ಜಅಜ್ಜಿಯರಾಗಿದ್ದಾರೆ. ಆದರೂ ದೂರದರ್ಶನದಲ್ಲಿ ಆ ಚಿತ್ರ ಬಂದರೆ ಮನೆಯವರೆಲ್ಲ ಕುಳಿತು ನೋಡುತ್ತಾರೆ, ಕಾವೇರಿಗಾಗಿ ಮರುಗುತ್ತಾರೆ. ಚಿತ್ರ ಮುಗಿದ ಮೇಲೆ ಪಕ್ಕದ ಬೀದಿಯಲ್ಲಿರುವ, ಆಸ್ಪತ್ರೆಯಿಂದ ಗುಣವಾಗಿ ಬಂದ ಹೆಣ್ಣುಮಗಳನ್ನು ಮಾತನಾಡಿಸಲು ಮಾತ್ರ ಹಿಂಜರಿಯುತ್ತಾರೆ. ಈ ವಿರೋಧಾಭಾಸವೇ ನನ್ನನ್ನು ಈ ಕೃತಿಯತ್ತ ಮತ್ತೆ ನೋಡುವಂತೆ ಮಾಡಿದೆ.

ಇಲ್ಲಿ ಕೃತಿಯ ಕಲಾಗುಣವನ್ನಷ್ಟೇ ಅಳೆಯುವುದು ನನ್ನ ಉದ್ದೇಶವಲ್ಲ. ಮನೋರೋಗಿಗಳ ಶುಶ್ರೂಷೆಯಲ್ಲಿ ತೊಡಗಿರುವ ಒಬ್ಬ ದಾದಿ ಇದನ್ನು ನೋಡಿದರೆ ಏನು ಹೇಳಿಯಾಳು? ಯಾವುದನ್ನು ನಿಜವೆಂದು ಒಪ್ಪಿಯಾಳು, ಯಾವುದಕ್ಕೆ ತಲೆಯಲ್ಲಾಡಿಸಿಯಾಳು? ನಮ್ಮ ಧರ್ಮಕೇಂದ್ರಗಳ ಎಷ್ಟೋ ಹೆಣ್ಣುಮಕ್ಕಳು ಈ ವೃತ್ತಿಯಲ್ಲಿದ್ದಾರೆ. ಅವರ ಕಣ್ಣಿನಿಂದ ನೋಡುವ ಒಂದು ಪ್ರಯತ್ನ ಇದು.

ಕಥೆ ಆರಂಭವಾಗುವುದು ರೋಗ ಮುಗಿದ ಮೇಲೆ

ಕಥೆ ಸರಳವಾದುದು. ಕಾವೇರಿ ಮತ್ತು ಸತೀಶ ಅನ್ಯೋನ್ಯ ದಂಪತಿಗಳು. ಎರಡನೆಯ ಬಾಣಂತನದಲ್ಲಿ ಕಾವೇರಿಯ ಮನಸ್ಸು ಕದಡುತ್ತದೆ. ಆಕೆಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ, ಅಲ್ಲಿ ಆಕೆ ಗುಣಮುಖಳಾಗುತ್ತಾಳೆ. ಸಾಮಾನ್ಯ ಲೇಖಕರಾಗಿದ್ದರೆ ಇಲ್ಲಿಗೆ ಶುಭಂ ಹಾಡುತ್ತಿದ್ದರು. ತ್ರಿವೇಣಿಯವರ ನಿಜವಾದ ಕಥೆ ಇಲ್ಲಿಂದಲೇ ಆರಂಭವಾಗುತ್ತದೆ. ಗುಣವಾಗಿ ಮನೆಗೆ ಬಂದವಳನ್ನು ಮನೆ ಒಪ್ಪುವುದಿಲ್ಲ. ಆಕೆ ನಕ್ಕರೂ ಸಂಶಯ, ಅತ್ತರೂ ಸಂಶಯ. ಆಕೆಯ ಪ್ರತಿಯೊಂದು ಮಾತನ್ನೂ ಹುಚ್ಚಿನ ತಕ್ಕಡಿಯಲ್ಲಿ ಹಾಕಿ ತೂಗುತ್ತಾರೆ. ಗಂಡನ ಮನಸ್ಸು ದೂರವಾಗಿದೆ, ಅವನು ತನ್ನೊಡನೆ ಕೆಲಸ ಮಾಡುವ ಇನ್ನೊಬ್ಬಳತ್ತ ವಾಲಿದ್ದಾನೆ. ಅದು ತಿಳಿದಾಗ ಕಾವೇರಿ ಮತ್ತೆ ಕುಸಿಯುತ್ತಾಳೆ.

ಕೃತಿಯ ಹೆಸರನ್ನು ಗಮನಿಸಿ. ಶರಪಂಜರವೆಂದರೆ ಬಾಣಗಳಿಂದ ಹೆಣೆದ ಸೆರೆ. ಬಾಣಗಳು ತಾವಾಗಿಯೇ ಬರುವುದಿಲ್ಲ, ಅವುಗಳನ್ನು ಬಿಡುವ ಕೈಗಳಿರಬೇಕು. ರೋಗವು ಕಾವೇರಿಯ ಸೆರೆಮನೆಯಲ್ಲ, ಗುಣವಾದ ಮೇಲೆ ಸುತ್ತಲಿನವರು ಹೆಣೆದದ್ದೇ ಆಕೆಯ ಸೆರೆಮನೆ. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಲೇಖಕಿಯೊಬ್ಬರು ಇಷ್ಟು ಆಳವಾಗಿ ಕಂಡಿದ್ದರೆಂಬುದು ಕನ್ನಡಕ್ಕೆ ಹೆಮ್ಮೆಯ ವಿಷಯ.

ಬಾಣಂತಿ ಸನ್ನಿ

ಕಾವೇರಿಗೆ ಬಂದ ಕಾಯಿಲೆ ಏನು? ನಮ್ಮ ಹಿರಿಯರು ಅದಕ್ಕೆ ‘ಬಾಣಂತಿ ಸನ್ನಿ’ ಎಂದು ಹೆಸರಿಟ್ಟಿದ್ದರು. ಹೆಸರಿಟ್ಟವರು ರೋಗವನ್ನು ಸರಿಯಾಗಿಯೇ ಗುರುತಿಸಿದ್ದರು, ಕಾರಣವನ್ನು ಮಾತ್ರ ಗಾಳಿ, ದೃಷ್ಟಿ, ಶೀತಗಳಲ್ಲಿ ಹುಡುಕಿದರು. ಇಂದಿನ ವೈದ್ಯಶಾಸ್ತ್ರದ ಪ್ರಕಾರ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರಗಳೊಳಗೆ, ಥಟ್ಟನೆ ಬರುತ್ತದೆ. ಬಾಣಂತಿಗೆ ನಿದ್ದೆ ಹಾರಿಹೋಗುತ್ತದೆ. ಮಾತು ಹಳಿ ತಪ್ಪುತ್ತದೆ. ಮಗು ತನ್ನದಲ್ಲ, ಯಾರೋ ಬದಲಾಯಿಸಿದ್ದಾರೆ, ಯಾರೋ ವಿಷವಿಕ್ಕುತ್ತಿದ್ದಾರೆ ಎಂಬಂಥ ಭ್ರಮೆಗಳು ಮೂಡುತ್ತವೆ. ಇಲ್ಲದ ದನಿಗಳು ಕೇಳಿಸುತ್ತವೆ. ಇದು ತಾಯಿ ಮತ್ತು ಮಗು ಇಬ್ಬರಿಗೂ ಅಪಾಯವಿರುವ ತುರ್ತುಸ್ಥಿತಿ. ತಾಯತ ಕಟ್ಟಿ, ಕತ್ತಲೆ ಕೋಣೆಯಲ್ಲಿ ಕೂಡಿಹಾಕಿ ಕಾಯುವ ಸಮಯ ಅದಲ್ಲ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಪಾಲು ತಾಯಂದಿರು ಪೂರ್ತಿ ಗುಣವಾಗುತ್ತಾರೆ. ಆದರೆ ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಂಭವ ಹೆಚ್ಚಾಗಿರುವುದರಿಂದ, ಮುಂಚಿತವಾಗಿಯೇ ವೈದ್ಯರ ಸಲಹೆ ಪಡೆಯುವುದು ಅಗತ್ಯ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ ತಾಯಿ ಮತ್ತು ಮಗು ಒಟ್ಟಿಗೇ ಇರುವ ಒಳರೋಗಿ ವಿಭಾಗವೊಂದು ಆರಂಭವಾಯಿತು. ಕಾವೇರಿಯಂಥವಳಿಗೆ ಅಲ್ಲಿ ಮಗುವನ್ನು ಬಿಟ್ಟಿರುವ ನೋವಿಲ್ಲ. ದಾದಿ ಜೊತೆಗಿದ್ದು ಆಕೆ ಮಗುವಿಗೆ ಹಾಲೂಡಿಸುವಂತೆ, ಸ್ನಾನ ಮಾಡಿಸುವಂತೆ ನೋಡಿಕೊಳ್ಳುತ್ತಾಳೆ. ‘ನಾನು ಒಳ್ಳೆಯ ತಾಯಿ’ ಎಂಬ ಆತ್ಮವಿಶ್ವಾಸ ಮಾತ್ರೆಗಳಷ್ಟೇ ಮುಖ್ಯವಾದ ಔಷಧಿ.

ಇದಕ್ಕೆ ಬಂಧುವಾದ, ಆದರೆ ಬೇರೆಯೇ ಆದ ಇನ್ನೊಂದು ಕಾಯಿಲೆ ಸ್ಕಿಜೋಫ್ರೇನಿಯಾ. ಲೋಕದಲ್ಲಿ ಸುಮಾರು ಮುನ್ನೂರು ಜನರಲ್ಲಿ ಒಬ್ಬರಿಗೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಹರೆಯದಲ್ಲಿ ತೋರಿಬರುತ್ತದೆ. ದನಿಗಳು ಮತ್ತು ಭ್ರಮೆಗಳು ಹೊರಗೆ ಎದ್ದುಕಾಣುವ ಲಕ್ಷಣಗಳು. ಮಾತು ಕಡಿಮೆಯಾಗುವುದು, ಮುಖದಲ್ಲಿ ಭಾವ ಬತ್ತುವುದು, ಸ್ನಾನ ಊಟಗಳಲ್ಲೂ ಆಸಕ್ತಿ ಇಲ್ಲದಿರುವುದು, ಎದ್ದುಕಾಣದ ಲಕ್ಷಣಗಳು. ಈ ಎರಡನೆಯದನ್ನೇ ನಾವು ‘ಸೋಮಾರಿ’, ‘ಅಹಂಕಾರಿ’ ಎಂದು ಹಳಿದುಬಿಡುತ್ತೇವೆ. 1908ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಬ್ಲಾಯ್ಲರ್ ಈ ಹೆಸರನ್ನು ಬಳಕೆಗೆ ತಂದರು. ಅದರ ಗ್ರೀಕ್ ಮೂಲದ ಅರ್ಥ ‘ಒಡೆದ ಮನಸ್ಸು’. ಆಲೋಚನೆ, ಭಾವನೆ, ಸಂಕಲ್ಪಗಳ ನಡುವಿನ ಕೊಂಡಿ ಕಳಚುತ್ತದೆ ಎಂಬುದು ಅವರ ಅಭಿಪ್ರಾಯ, ಒಂದೇ ದೇಹದಲ್ಲಿ ಇಬ್ಬರು ವಾಸಿಸುತ್ತಾರೆ ಎಂದಲ್ಲ. 2004ರ ‘ಆಪ್ತಮಿತ್ರ’ದಲ್ಲಿ ಗಂಗಾ ನಾಗವಲ್ಲಿಯಾಗುವುದನ್ನು ಕಂಡು ‘ಇದೇ ಸ್ಕಿಜೋಫ್ರೇನಿಯಾ’ ಎಂದುಕೊಂಡ ಪ್ರೇಕ್ಷಕರು ಅನೇಕರು. ಅವೆರಡೂ ಬೇರೆ ಬೇರೆ.

ಲೇಖಕಿ ಕಂಡದ್ದು, ಸಂಶೋಧಕರು ಅಳೆದದ್ದು

ಕಾವೇರಿಯ ಎರಡನೆಯ ಕುಸಿತವನ್ನು ಭಾವುಕ ಉತ್ಪ್ರೇಕ್ಷೆ ಎಂದು ಕೆಲವರು ಭಾವಿಸಬಹುದು. ಹಾಗಲ್ಲ. 1950ರ ದಶಕದ ಕೊನೆಯಿಂದ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಒಂದು ಪ್ರಶ್ನೆಯ ಬೆನ್ನು ಹತ್ತಿದರು: ಆಸ್ಪತ್ರೆಯಿಂದ ಗುಣವಾಗಿ ಹೋದ ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಕೆಲವರು ಮಾತ್ರ ಬೇಗ ಹಿಂದಿರುಗುವುದೇಕೆ? ಉತ್ತರ ಸಿಕ್ಕಿದ್ದು ಮನೆಯ ವಾತಾವರಣದಲ್ಲಿ. 1976ರಲ್ಲಿ ವಾನ್ ಮತ್ತು ಲೆಫ್ ಎಂಬ ಸಂಶೋಧಕರು ಪ್ರಕಟಿಸಿದ ಲೆಕ್ಕದಂತೆ, ಸದಾ ಟೀಕೆ, ಹಗೆತನ ಅಥವಾ ಉಸಿರುಗಟ್ಟಿಸುವಷ್ಟು ಅತಿಕಾಳಜಿ ಇರುವ ಮನೆಗಳಿಗೆ ಮರಳಿದವರಲ್ಲಿ ಒಂಬತ್ತು ತಿಂಗಳೊಳಗೆ ಸುಮಾರು ಅರ್ಧದಷ್ಟು ಮಂದಿಗೆ ರೋಗ ಮರುಕಳಿಸಿತು. ಶಾಂತವಾದ ಮನೆಗಳಿಗೆ ಮರಳಿದವರಲ್ಲಿ ಆ ಪ್ರಮಾಣ ನೂರಕ್ಕೆ ಸುಮಾರು 13. ಮುಂದೆ ಚಂಡೀಗಢದಲ್ಲಿ ನಡೆದ ಅಧ್ಯಯನವು ನಮ್ಮ ದೇಶದ ಕುಟುಂಬಗಳಲ್ಲಿ ಇಂಥ ಕಟುಟೀಕೆ ಲಂಡನ್ನಿನ ಮನೆಗಳಿಗಿಂತ ಕಡಿಮೆಯೆಂದು ಕಂಡುಕೊಂಡಿತು. ಇದು ನಮ್ಮ ಕುಟುಂಬಗಳ ದೊಡ್ಡ ಬಂಡವಾಳ. ಅದನ್ನು ಕಳೆದುಕೊಳ್ಳದಿರುವುದು ನಮ್ಮ ಹೊಣೆ.

ಮನೆಯವರ ಬಿರುಸು ನೋಟವೂ ಒಂದು ಬಾಣವೆಂದು ತ್ರಿವೇಣಿಯವರು ಯಾವ ಅಂಕಿಅಂಶವೂ ಇಲ್ಲದೆ ಅರಿತಿದ್ದರು. ಕೃತಿಯ ಸತ್ವ ಇಲ್ಲಿದೆ.

ಒಪ್ಪಲಾಗದ ಎರಡು ಅಂಶಗಳು

ಮೆಚ್ಚುಗೆ ಇದ್ದಷ್ಟಕ್ಕೇ ವಿಮರ್ಶೆ ನಿಲ್ಲಬಾರದು. ಚಲನಚಿತ್ರದಲ್ಲಿ ನನಗೆ ಒಪ್ಪಿಗೆಯಾಗದ ಮೊದಲ ಅಂಶ, ರೋಗಕ್ಕೆ ಒದಗಿಸಿದ ಕಾರಣ. ಮದುವೆಗೆ ಮುಂಚಿನ ಕಹಿ ಘಟನೆಯೊಂದು ಕಾವೇರಿಯ ಮನದಾಳದಿಂದ ಮೇಲೆದ್ದು ಬರುತ್ತದೆ. ಕಥೆಗೆ ಅದರಿಂದ ಬಿಗಿ ಬರುತ್ತದೆ, ನಿಜ. ಆದರೆ ನೋಡುವವನ ಮನಸ್ಸಿನಲ್ಲಿ ಉಳಿಯುವ ಪಾಠವೇನು? ‘ಎಲ್ಲೋ ಏನೋ ಮುಚ್ಚಿಟ್ಟಿದ್ದಳು, ಆದ್ದರಿಂದ ತಲೆ ಕೆಟ್ಟಿತು’ ಎಂಬುದು. ವಾಸ್ತವದಲ್ಲಿ ಬಾಣಂತಿ ಸನ್ನಿ ಯಾವ ಗುಟ್ಟೂ ಇಲ್ಲದ, ಯಾವ ಕಳಂಕವೂ ಇಲ್ಲದ, ಸುಖಸಂಸಾರದ ತಾಯಿಗೂ ಬರುತ್ತದೆ. ಹೆರಿಗೆಯ ನಂತರ ದೇಹದಲ್ಲಾಗುವ ಬದಲಾವಣೆಗಳು, ನಿದ್ರಾಹೀನತೆ, ವಂಶವಾಹಿ, ಇವುಗಳ ಪಾತ್ರ ದೊಡ್ಡದು. ರೋಗಕ್ಕೆ ತಪ್ಪಿತಸ್ಥರನ್ನು ಹುಡುಕುವ ಚಾಳಿ ವಿದ್ವಾಂಸರಿಗೂ ಇತ್ತು. 1940ರ ದಶಕದಲ್ಲಿ ಅಮೆರಿಕದಲ್ಲಿ ಸ್ಕಿಜೋಫ್ರೇನಿಯಾಕ್ಕೆ ತಾಯಿಯ ಸ್ವಭಾವವೇ ಕಾರಣವೆಂಬ ವಾದ ಹುಟ್ಟಿಕೊಂಡಿತು. ಆ ವಾದ ಈಗ ಬಿದ್ದುಹೋಗಿದೆ, ಆದರೆ ಅಷ್ಟರಲ್ಲಿ ಸಾವಿರಾರು ತಾಯಂದಿರು ಮಾಡದ ತಪ್ಪನ್ನು ಹೊತ್ತು ಸವೆದಿದ್ದರು. ಮೇಲೆ ಹೇಳಿದ ಲಂಡನ್ ಸಂಶೋಧನೆಯನ್ನೂ ಹೀಗೆ ತಿರುಚಬಾರದು. ಮನೆಯವರು ರೋಗವನ್ನು ತಂದರೆಂದು ಅದು ಹೇಳುವುದಿಲ್ಲ, ಗುಣವನ್ನು ಅವರು ಕಾಪಾಡಬಲ್ಲರೆಂದು ಹೇಳುತ್ತದೆ.

ಎರಡನೆಯ ಅಂಶ, ದಾದಿ ಈ ಕಥೆಯ ಅಂಚಿನಲ್ಲೇ ಉಳಿಯುತ್ತಾಳೆ. ಇದು ‘ಶರಪಂಜರ’ದ ದೋಷವೊಂದೇ ಅಲ್ಲ, ನಮ್ಮ ಚಿತ್ರಗಳಲ್ಲೆಲ್ಲ ಕನ್ನಡಕ ಹಾಕಿದ ವೈದ್ಯರು ಬಂದು ಎರಡು ಮಾತಿನಲ್ಲಿ ರೋಗದ ಗುಟ್ಟು ಬಿಡಿಸುತ್ತಾರೆ. ವೈದ್ಯರು ಹೋದ ಮೇಲಿನ ಇಪ್ಪತ್ತಮೂರು ಗಂಟೆ ಯಾರದು? ದಾದಿಯದು. ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲಾವ್ ಎಂಬ ದಾದಿ 1952ರಲ್ಲೇ ಪುಸ್ತಕ ಬರೆದು, ದಾದಿ ಮತ್ತು ರೋಗಿಯ ನಡುವೆ ಬೆಳೆಯುವ ಸಂಬಂಧವೇ ಚಿಕಿತ್ಸೆಯ ಭಾಗವೆಂದು ಪ್ರತಿಪಾದಿಸಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿಯನ್ನು ಮನೋರೋಗಕ್ಕೆ ಬಳಸತೊಡಗಿದರು. ಮಾತ್ರೆ ಮತ್ತು ಮಮತೆ ಒಂದೇ ವರ್ಷ ವೈದ್ಯಕೀಯಕ್ಕೆ ಹೊಸದಾಗಿ ದೊರೆತವೆನ್ನಬಹುದು.

ದಾದಿ ಮಾಡುವುದೇನು? ರೋಗಿಯು ‘ನನ್ನನ್ನು ಕೊಲ್ಲಲು ಬಂದಿದ್ದಾರೆ’ ಎಂದಾಗ ಆಕೆ ವಾದಿಸುವುದಿಲ್ಲ, ಹೌದೆನ್ನುವುದೂ ಇಲ್ಲ. ‘ನನಗೆ ಇಲ್ಲಿ ಯಾರೂ ಕಾಣಿಸುತ್ತಿಲ್ಲ. ಆದರೆ ನಿಮಗೆ ಬಹಳ ಭಯವಾಗಿದೆ ಎಂದು ತಿಳಿಯುತ್ತದೆ. ನಾನು ಇಲ್ಲೇ ಕೂತಿರುತ್ತೇನೆ’ ಎನ್ನುತ್ತಾಳೆ. ಈ ಮೂರು ವಾಕ್ಯಗಳಲ್ಲಿ ಸತ್ಯವೂ ಇದೆ, ಕರುಣೆಯೂ ಇದೆ. ದನಿಗಳು ಏನು ಹೇಳುತ್ತಿವೆ ಎಂದು ಆಕೆ ನೇರವಾಗಿ ಕೇಳುತ್ತಾಳೆ, ಏಕೆಂದರೆ ‘ಸಾಯಿ’ ಎಂದು ಆಜ್ಞಾಪಿಸುವ ದನಿಯಿದ್ದರೆ ಆ ರಾತ್ರಿ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಹೇಳದೆ ಮೈಮುಟ್ಟುವುದಿಲ್ಲ. ರೋಗಿಯ ಎದುರು ಬೇರೆಯವರೊಡನೆ ಪಿಸುಗುಟ್ಟುವುದಿಲ್ಲ, ನಗುವುದಿಲ್ಲ. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತನಾಡುತ್ತಾಳೆ. ಕೈ ನಡುಗುತ್ತಿದೆಯೇ, ಕತ್ತು ಸೆಟೆಯುತ್ತಿದೆಯೇ, ತೂಕ ಏರುತ್ತಿದೆಯೇ ಎಂದು ಔಷಧಿಯ ಅಡ್ಡಪರಿಣಾಮಗಳನ್ನು ಮೊದಲು ಗುರುತಿಸುವವಳೂ ಅವಳೇ. ರೋಗಿಗಳು ಮಾತ್ರೆ ಬಿಡುವುದು ಬಹುಪಾಲು ಹಟದಿಂದಲ್ಲ. ಅಡ್ಡಪರಿಣಾಮ ತಾಳಲಾರದೆ ಬಿಡುತ್ತಾರೆ, ಗುಣವಾಯಿತೆಂದುಕೊಂಡು ಬಿಡುತ್ತಾರೆ, ಅಥವಾ ತಾವು ರೋಗಿಯೆಂಬ ಅರಿವೇ ರೋಗದಿಂದ ಮಸುಕಾದ್ದರಿಂದ ಬಿಡುತ್ತಾರೆ. ಈ ಮೂರಕ್ಕೂ ಉತ್ತರ ಬೇರೆ ಬೇರೆ, ಬೈಗುಳ ಯಾವುದಕ್ಕೂ ಉತ್ತರವಲ್ಲ.

ಇದನ್ನೆಲ್ಲ ಮನೆಯವರೂ ಕಲಿಯಬಹುದು. ಸತೀಶನಿಗೆ ಯಾರಾದರೊಬ್ಬ ದಾದಿ ಇದನ್ನು ಕಲಿಸಿದ್ದರೆ ಕಥೆ ಹೇಗೆ ಮುಗಿಯುತ್ತಿತ್ತೋ! ಕಾವೇರಿ ಮನೆಗೆ ಮರಳುವ ಮುನ್ನ ಮನೆಯನ್ನು ಯಾರೂ ಸಿದ್ಧಗೊಳಿಸಲಿಲ್ಲ. ಆಸ್ಪತ್ರೆಯ ಬಾಗಿಲು ದಾಟಿದೊಡನೆ ಶುಶ್ರೂಷೆ ಮುಗಿಯಿತೆಂದು ಎಲ್ಲರೂ ತಿಳಿದರು.

ಪ್ರಿನ್ಸ್‌ಟನ್ನಿನ ಒಂದು ಮನೆ

ಹೋಲಿಕೆಗಾಗಿ ಇನ್ನೊಂದು ಚಿತ್ರವನ್ನು ನೋಡೋಣ. ಗಣಿತಜ್ಞ ಜಾನ್ ನ್ಯಾಶ್ ಅವರ ಬದುಕನ್ನು ಆಧರಿಸಿದ ‘ಎ ಬ್ಯೂಟಿಫುಲ್ ಮೈಂಡ್’ 2001ರಲ್ಲಿ ತೆರೆಕಂಡು ಆಸ್ಕರ್ ಪ್ರಶಸ್ತಿ ಗಳಿಸಿತು. ನ್ಯಾಶ್ ಹುಟ್ಟಿದ್ದು ತ್ರಿವೇಣಿಯವರು ಹುಟ್ಟಿದ 1928ರಲ್ಲೇ. ಸ್ಕಿಜೋಫ್ರೇನಿಯಾದಿಂದ ದಶಕಗಳನ್ನು ಕಳೆದುಕೊಂಡ ಅವರಿಗೆ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು. ಈ ಚಿತ್ರವು ರೋಗಿಯನ್ನು ಮನುಷ್ಯನೆಂದು ತೋರಿಸಿತು, ಅದಕ್ಕಾಗಿ ಕೃತಜ್ಞರಾಗಿರೋಣ. ಆದರೆ ಅದು ಸತ್ಯಕ್ಕೆ ಬಣ್ಣ ಬಳಿಯಿತು. ಚಿತ್ರದಲ್ಲಿ ನ್ಯಾಶ್ ಇಲ್ಲದ ಮನುಷ್ಯರನ್ನು ಕಣ್ಣಾರೆ ಕಾಣುತ್ತಾರೆ, ನಿಜಜೀವನದಲ್ಲಿ ಅವರನ್ನು ಕಾಡಿದ್ದು ದನಿಗಳು ಮತ್ತು ಭ್ರಮೆಗಳು. ಚಿತ್ರದಲ್ಲಿ ಅವರು ಹೊಸ ಔಷಧಿಗಳನ್ನು ಸೇವಿಸುತ್ತಿರುವುದಾಗಿ ಹೇಳುತ್ತಾರೆ, ನಿಜಜೀವನದಲ್ಲಿ 1970ರ ನಂತರ ಔಷಧಿ ಸೇವಿಸಲಿಲ್ಲ. ಜನರು ಮಾತ್ರೆ ಬಿಟ್ಟುಬಿಟ್ಟಾರೆಂಬ ಆತಂಕದಿಂದ ಚಿತ್ರಕಥೆಯಲ್ಲಿ ಆ ಮಾತನ್ನು ಸೇರಿಸಿದರು. ಉದ್ದೇಶ ಒಳ್ಳೆಯದೇ. ನ್ಯಾಶ್ ಅವರಂತೆ ಔಷಧಿಯಿಲ್ಲದೆ ಚೇತರಿಸಿಕೊಳ್ಳುವವರು ವಿರಳ. ಅವರನ್ನು ಅನುಸರಿಸಲು ಹೊರಟವರಲ್ಲಿ ಹೆಚ್ಚಿನವರು ಮತ್ತೆ ರೋಗಕ್ಕೆ ಬೀಳುತ್ತಾರೆ.

ನನಗೆ ಹೆಚ್ಚು ಖೇದವೆನಿಸುವುದು ಇನ್ನೊಂದು ಲೋಪ. ಚಿತ್ರದಲ್ಲಿ ಪತ್ನಿ ಅಲಿಸಿಯಾ ಕೊನೆಯವರೆಗೂ ಬಿಡದೆ ನಿಲ್ಲುತ್ತಾಳೆ. ನಿಜದಲ್ಲಿ ಆಕೆ ಬಳಲಿ, 1963ರಲ್ಲಿ ವಿಚ್ಛೇದನ ಪಡೆದಳು. 1970ರಲ್ಲಿ, ಹೆಂಡತಿಯೆಂಬ ಯಾವ ಕಟ್ಟುಪಾಡೂ ಇಲ್ಲದಿದ್ದಾಗ, ಆಸ್ಪತ್ರೆಗಿಂತ ಮನೆಯೇ ಮೇಲೆಂದು ಅವನಿಗೆ ತನ್ನ ಮನೆಯಲ್ಲಿ ಇರಲು ಜಾಗ ಕೊಟ್ಟಳು. ಅವನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಆವರಣದಲ್ಲಿ ಅಲೆಯುತ್ತಿದ್ದ, ಕಪ್ಪುಹಲಗೆಗಳ ಮೇಲೆ ಅರ್ಥವಾಗದ್ದನ್ನು ಬರೆಯುತ್ತಿದ್ದ, ಅಲ್ಲಿನವರು ಅವನನ್ನು ಓಡಿಸಲಿಲ್ಲ. ವರ್ಷಗಳು ಉರುಳಿದಂತೆ ಮನಸ್ಸು ತಿಳಿಯಾಯಿತು. 2001ರಲ್ಲಿ ಇಬ್ಬರೂ ಮತ್ತೆ ಮದುವೆಯಾದರು, 2015ರಲ್ಲಿ ಒಂದೇ ಕಾರು ಅಪಘಾತದಲ್ಲಿ ತೀರಿಕೊಂಡರು. ದಣಿದ, ಸೋತ, ಆದರೂ ಬಾಗಿಲು ತೆರೆದ ಈ ಹೆಣ್ಣು, ಚಿತ್ರದ ಆದರ್ಶ ಪತ್ನಿಗಿಂತ ನಮ್ಮ ಕುಟುಂಬಗಳಿಗೆ ಹೆಚ್ಚು ಧೈರ್ಯ ತುಂಬಬಲ್ಲವಳಾಗಿದ್ದಳು. ಏಕೆಂದರೆ ರೋಗಿಯನ್ನು ನೋಡಿಕೊಳ್ಳುವವರೂ ದಣಿಯುತ್ತಾರೆ. ದಣಿಯುವುದು ಪಾಪವಲ್ಲ.

ಒಂದು ಮನೆ ಪಂಜರವಾಯಿತು, ಇನ್ನೊಂದು ಮನೆ ಆಸರೆಯಾಯಿತು.

‘ನಿನ್ನ ಮನೆಗೆ ಹೋಗು’

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಗೆರಸೇನರ ನಾಡಿನ ಆ ಮನುಷ್ಯನನ್ನು ನೆನಪಿಸಿಕೊಳ್ಳಿ. ಸರಪಳಿ ಹಾಕಿದರೂ ನಿಲ್ಲದೆ ಸಮಾಧಿಗಳ ನಡುವೆ ಅರಚುತ್ತಿದ್ದವನು ಸ್ವಸ್ಥನಾಗಿ, ಬಟ್ಟೆಯುಟ್ಟು ಕುಳಿತಾಗ ಊರವರಿಗೆ ಸಂತೋಷವಾಗಲಿಲ್ಲ, ಭಯವಾಯಿತು. ಅವನು ಯೇಸುಸ್ವಾಮಿಯ ಜೊತೆಗೇ ಬರುತ್ತೇನೆಂದು ಬೇಡಿಕೊಂಡ. ಆದರೆ ಪ್ರಭು ಅವನನ್ನು ಅವನ ಮನೆಯವರ ಬಳಿಗೆ ಕಳುಹಿಸಿದರು. ಅವನ ಮನೆಯವರು ಬಾಗಿಲು ತೆರೆದರೋ ಇಲ್ಲವೋ ಶುಭಸಂದೇಶ ಹೇಳುವುದಿಲ್ಲ. ಆ ಉತ್ತರವನ್ನು ಬರೆಯುವವರು ನಾವು.

ಈ ಭಾಗವನ್ನು ಓದಿ, ಭ್ರಮೆಗೊಳಗಾದವರೆಲ್ಲರಿಗೂ ದುರಾತ್ಮ ಹಿಡಿದಿದೆಯೆನ್ನುವವರು ನಮ್ಮ ನಡುವೆ ಇದ್ದಾರೆ. ಧರ್ಮಸಭೆಯ ಬೋಧನೆ ಹಾಗಿಲ್ಲ. ಮಾನಸಿಕ ಕಾಯಿಲೆಯು ಬೇರೆಯೇ ವಿಷಯ, ಅದರ ಚಿಕಿತ್ಸೆ ವೈದ್ಯಶಾಸ್ತ್ರಕ್ಕೆ ಸೇರಿದ್ದು, ಭೂತೋಚ್ಛಾಟನೆಗೆ ಮುನ್ನ ಅದು ಕಾಯಿಲೆಯಲ್ಲವೆಂದು ಖಚಿತಪಡಿಸಿಕೊಳ್ಳಬೇಕು ಎಂದು ಕಥೋಲಿಕ ಧರ್ಮಸಭೆಯ ಸತ್ಯೋಪದೇಶ ಸ್ಪಷ್ಟವಾಗಿ ಹೇಳುತ್ತದೆ. ಪ್ರಾರ್ಥನೆ ಬೇಡವೆಂದಲ್ಲ. ಪ್ರಾರ್ಥನೆಯ ಹೆಸರಿನಲ್ಲಿ ಮಾತ್ರೆ ನಿಲ್ಲಿಸುವವನು ರೋಗಿಗೂ ಪ್ರಾರ್ಥನೆಗೂ ದ್ರೋಹ ಬಗೆಯುತ್ತಾನೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದುದನ್ನು ಮರೆಯದಿರೋಣ. ದೈವಕೃಪೆಯಿಂದ ಗುಣವಾಗಲೆಂದು ಮನೆಯವರು ಬಿಟ್ಟುಹೋಗಿದ್ದ, ಸರಪಳಿಯಲ್ಲಿ ಬಿಗಿದಿದ್ದ 28 ಮಂದಿ ಬೆಂಕಿ ಹತ್ತಿದಾಗ ಓಡಲಾರದೆ ಬೆಂದುಹೋದರು. 2017ರ ಮಾನಸಿಕ ಆರೋಗ್ಯ ಕಾಯಿದೆ ಮನೋರೋಗಿಗಳನ್ನು ಸರಪಳಿಯಲ್ಲಿ ಬಿಗಿಯುವುದನ್ನು ನಿಷೇಧಿಸಿದೆ. ಆದರೆ ಕಬ್ಬಿಣದ ಸರಪಳಿಯನ್ನು ಕಾನೂನು ಬಿಚ್ಚೀತು, ಮಾತಿನ ಬಾಣಗಳನ್ನು ನಾವೇ ಕೆಳಗಿಡಬೇಕು.

ಹಾಗಾದರೆ ಓದುಗರೇ, ಈ ಕೃತಿಯನ್ನು ಓದಿ, ಈ ಚಿತ್ರವನ್ನು ನೋಡಿ ಅತ್ತವರು ಮಾಡಬೇಕಾದದ್ದೇನು? ಬಾಣಂತಿ ಎರಡು ದಿನ ನಿದ್ದೆಯಿಲ್ಲದೆ ಅಸಂಬದ್ಧವಾಗಿ ಮಾತನಾಡಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಕಾಲೇಜಿಗೆ ಹೋಗುವ ಮಗ ತಿಂಗಳುಗಟ್ಟಲೆ ಕೋಣೆ ಬಿಟ್ಟು ಬರದೆ, ತನ್ನಷ್ಟಕ್ಕೇ ಯಾರಿಗೋ ಉತ್ತರಿಸುತ್ತಿದ್ದರೆ ನೆರೆಯವರಿಗೆ ತಿಳಿದೀತೆಂದು ಮುಚ್ಚಿಡಬೇಡಿ. ಯಾರಲ್ಲಿ ಕೇಳುವುದೆಂದು ತೋಚದಿದ್ದರೆ, 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಗುಣವಾಗಿ ಬಂದವರಿಗೆ ವೈದ್ಯರು ಹೇಳಿದಷ್ಟು ಕಾಲ ಔಷಧಿ ಮುಂದುವರಿಯಲಿ. ಅವರಿಗೆ ಮನೆಯಲ್ಲಿ ಒಂದು ಕೆಲಸ ಕೊಡಿ, ಒಂದು ಜವಾಬ್ದಾರಿ ಕೊಡಿ, ಕೋಪಗೊಳ್ಳುವ ಹಕ್ಕನ್ನೂ ಕೊಡಿ. ಎಲ್ಲರಿಗೂ ಸಿಟ್ಟು ಬರುತ್ತದೆ, ಅವರ ಸಿಟ್ಟನ್ನು ಮಾತ್ರ ರೋಗವೆಂದು ಎಣಿಸಬೇಡಿ. ವಿನ್ಸೆಂಟ್ ದೆ ಪೌಲ್ ಸಂಘದವರು ಬಡವರ ಮನೆಗೆ ಅಕ್ಕಿ ಒಯ್ಯುವಂತೆ, ಇಂಥ ಮನೆಗೆ ಹೋಗಿ ಎರಡು ಗಂಟೆ ರೋಗಿಯ ಜೊತೆ ಕುಳಿತು, ದಣಿದ ತಾಯಿಯನ್ನು ಹೊರಗೆ ಕಳುಹಿಸಿದರೆ ಅದೂ ಒಂದು ದಾನವೇ.

‘ಶರಪಂಜರ’ ಹೆಣ್ಣೊಬ್ಬಳ ಹುಚ್ಚಿನ ಕಥೆಯೆಂದು ಪ್ರಸಿದ್ಧವಾಗಿದೆ. ನನ್ನ ಓದಿನಲ್ಲಿ ಅದು ಸ್ವಸ್ಥರೆನಿಸಿಕೊಂಡವರ ಕಥೆ. ಮುಂದಿನ ಸಲ ಅದನ್ನು ನೋಡುವಾಗ ಕಾವೇರಿಯ ಮುಖವನ್ನಲ್ಲ, ಆಕೆಯನ್ನು ನೋಡುತ್ತಿರುವವರ ಮುಖಗಳನ್ನು ಗಮನಿಸಿ. ಅವುಗಳಲ್ಲಿ ಯಾವುದು ನಮ್ಮದೆಂದು ಕೇಳಿಕೊಂಡರೆ ಕೃತಿ ಸಾರ್ಥಕವಾಗುತ್ತದೆ.